ಅಪ್ಪನನ್ನು ಪಾಯಿಂಟ್ ಪೀಲಿಗೆ ಕರೆದುಕೊಂಡು ಹೋಗಬಹುದಾ? ಖಂಡಿತ, ಗಾಳಿ ನೋಡಿ ಹೊರಡಿ

ನಿಮ್ಮ ಪ್ರಶ್ನೆ ಓದಿದೆ. ತಂದೆಯವರು ಮೇ ತಿಂಗಳಿಡೀ ಟೊರಾಂಟೊದಲ್ಲಿ ನಿಮ್ಮ ಮನೆಯಲ್ಲಿರುತ್ತಾರೆ, ಹಕ್ಕಿ ನೋಡಲು ರಂಗನತಿಟ್ಟು, ಮಾಗಡಿ ಕೆರೆ ಎಲ್ಲ ಸುತ್ತಿದವರು, ಮಂಡಿ ನೋವಿದೆ. ನಾಲ್ಕು ಗಂಟೆ ಕಾರಿನಲ್ಲಿ ಕೂರಿಸಿ ಪಾಯಿಂಟ್ ಪೀಲಿ ನ್ಯಾಷನಲ್ ಪಾರ್ಕಿಗೆ ಕರೆದೊಯ್ಯುವಷ್ಟು ಅಲ್ಲೇನಿದೆ ಅಂತ ಕೇಳಿದ್ದೀರಿ. ನಾನಿರುವುದು ವಿಂಡ್ಸರ್‌ನಲ್ಲಿ, ಪಾರ್ಕಿಗೆ ಹತ್ತಿರ. ಎಂಟು ವರ್ಷದಿಂದ ಪ್ರತಿ ಮೇ ತಿಂಗಳೂ ಅಲ್ಲಿಗೆ ಬರುವ ವಲಸೆ ಹಕ್ಕಿಗಳನ್ನು ನೋಡಲು ಹೋಗುತ್ತಿದ್ದೇನೆ. ದಯವಿಟ್ಟು ಕರೆದುಕೊಂಡು ಬನ್ನಿ. ಆದರೆ ತಾರೀಖು ಮಾತ್ರ ಈಗಲೇ ಗೊತ್ತು ಮಾಡಬೇಡಿ.

ನಮ್ಮ ಕಡೆ ವಲಸೆ ಹಕ್ಕಿ ಅಂದರೆ ಬಂದು ಉಳಿಯುವ ನೆಂಟರು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದವೆಂದರೆ ಚಳಿಗಾಲ ಪೂರ್ತಿ ಅಲ್ಲೇ. ಈ ಭಾನುವಾರ ಆಗದಿದ್ದರೆ ಮುಂದಿನ ಭಾನುವಾರ ಹೋದರಾಯಿತು. ಪೀಲಿಯಲ್ಲಿ ಹಕ್ಕಿಗಳು ದಾರಿಹೋಕರು. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದಿಂದ ಹೊರಟು ಉತ್ತರದ ಕಾಡುಗಳಲ್ಲಿ ಗೂಡು ಕಟ್ಟುವ ಆತುರದಲ್ಲಿರುತ್ತವೆ. ನಿನ್ನೆ ಮರ ತುಂಬ ಇದ್ದವು ಇವತ್ತು ಒಂದೂ ಇರುವುದಿಲ್ಲ.

ಮ್ಯಾಪಿನಲ್ಲಿ ನೋಡಿ. ಎರೀ ಸರೋವರದೊಳಕ್ಕೆ ದಕ್ಷಿಣಕ್ಕೆ ಚಾಚಿದ ಚೂಪು ನೆಲ ಅದು. ಕೆನಡಾದ ಮುಖ್ಯ ಭೂಭಾಗದ ತೀರಾ ದಕ್ಷಿಣದ ತುದಿ. ಇಡೀ ಪಾರ್ಕು ಸುಮಾರು 15 ಚದರ ಕಿಲೋಮೀಟರ್ ಅಷ್ಟೇ. ಅದರಲ್ಲೂ ಜಾಸ್ತಿ ಭಾಗ ಜೌಗು. 1918ರಲ್ಲೇ ನ್ಯಾಷನಲ್ ಪಾರ್ಕ್ ಆಯಿತು, ಅದಕ್ಕೆ ಪಟ್ಟು ಹಿಡಿದವರಲ್ಲಿ ಹಕ್ಕಿ ಪ್ರಿಯರೂ ಇದ್ದರು. ಸಣ್ಣ ಹಕ್ಕಿಗಳು ರಾತ್ರಿ ಹೊತ್ತು ಸರೋವರ ದಾಟುತ್ತವೆ. ದಕ್ಷಿಣದಿಂದ ಬೆಚ್ಚನೆ ಗಾಳಿ ಬೀಸಿದ ರಾತ್ರಿ ಹೊರಡುತ್ತವೆ. ಬೆಳಗಿನ ಜಾವ ಮಳೆ ಹಿಡಿದರೆ, ಇಲ್ಲವೇ ಉತ್ತರದ ಎದುರುಗಾಳಿ ಶುರುವಾದರೆ, ಸುಸ್ತಾಗಿ ಕಣ್ಣಿಗೆ ಬಿದ್ದ ಮೊದಲ ನೆಲಕ್ಕೆ ಇಳಿದುಬಿಡುತ್ತವೆ. ಆ ಮೊದಲ ನೆಲ ಎಷ್ಟೋ ಸಲ ಪೀಲಿಯ ತುದಿಯೇ ಆಗಿರುತ್ತದೆ. ಆಕಾಶ ತಿಳಿಯಾಗಿದ್ದರೆ ಎಷ್ಟೋ ಹಕ್ಕಿಗಳು ನಿಲ್ಲದೆ ಮುಂದೆ ಹೋಗುತ್ತವೆ. ಅಂದರೆ ನಮಗೆ ಪಿಕ್ನಿಕ್‌ಗೆ ಒಳ್ಳೆಯ ದಿನ ಹಕ್ಕಿಗೆ ಸಪ್ಪೆ ದಿನ.

ಎರಡು ವರ್ಷದ ಹಿಂದೆ, ಮೇ ಎರಡನೇ ವಾರ, ಅಂಥದ್ದೊಂದು ಬೆಳಗ್ಗೆ ಸಿಕ್ಕಿತ್ತು. ರಾತ್ರಿಯೆಲ್ಲ ಬೆಚ್ಚನೆ ಗಾಳಿ, ನಾಲ್ಕು ಗಂಟೆಗೆ ಜಡಿಮಳೆ. ಆರೂವರೆಗೆ ತುದಿಯ ಹತ್ತಿರ ಹೋದರೆ ಹಕ್ಕಿಗಳು ಮರದಲ್ಲಿರಲಿಲ್ಲ, ಮರಳ ಮೇಲಿದ್ದವು. ನನ್ನ ಬೂಟಿನಿಂದ ಒಂದು ಮೊಳ ದೂರದಲ್ಲಿ ಒಂದು ಗಂಡು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್. ನಮ್ಮ ಸಿಂಪಿಗನಷ್ಟೇ ಪುಟ್ಟದು. ತೂಕ ಹತ್ತು ಗ್ರಾಂ ಆಸುಪಾಸು, ಎರಡು ಚಮಚ ಸಕ್ಕರೆಯಷ್ಟು. ಗಂಟಲು ಮಾತ್ರ ಕೆಂಡ ಊದಿದ ಹಾಗೆ ಕಿತ್ತಳೆ ಬಣ್ಣ. ಚಳಿಗಾಲ ಕಳೆದದ್ದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆ. ಒದ್ದೆ ರೆಕ್ಕೆ ಜೋತುಬಿದ್ದಿತ್ತು. ಕೊಂಬೆಯ ಬುಡದಲ್ಲಿ ಚಳಿಗೆ ಮರಗಟ್ಟಿ ಕೂತಿದ್ದ ನುಸಿಗಳನ್ನು ಒಂದೊಂದಾಗಿ ಹೆಕ್ಕುತ್ತಿತ್ತು. ಎರಡು ಹೆಜ್ಜೆ, ಒಂದು ನುಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಸುತ್ತ ಇಪ್ಪತ್ತು ಜನ ಇದ್ದೆವು. ಯಾರೂ ಕಾಲು ಕದಲಿಸಲಿಲ್ಲ. ಎಲ್ಲಿ ತುಳಿದುಬಿಡುತ್ತೇವೋ ಅಂತ ಭಯ. ಅಂಥ ಬೆಳಗ್ಗೆ ಸಿಕ್ಕರೆ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ. ಆ ಜೀವಕ್ಕೆ ಆಗ ಬೇಕಿರುವುದು ತಿಂಡಿ, ಆಮೇಲೆ ವಿಶ್ರಾಂತಿ.

ಈಗ ಮಂಡಿ ನೋವಿನ ವಿಷಯ. ಮೇ ತಿಂಗಳಲ್ಲಿ ವಿಸಿಟರ್ ಸೆಂಟರಿನಿಂದ ತುದಿಯ ಹತ್ತಿರದವರೆಗೆ ಪಾರ್ಕಿನ ಶಟಲ್ ಓಡುತ್ತದೆ. ಇಳಿದ ಮೇಲಿನ ದಾರಿ ಸಮತಟ್ಟು, ಆದರೆ ಕೊನೆಗೆ ಮರಳು. ಮಡಚುವ ಸ್ಟೂಲ್ ಒಂದು ತನ್ನಿ. ಒಂದೇ ಜಾಗದಲ್ಲಿ ಒಂದು ಗಂಟೆ ಕೂತವರಿಗೆ ಇಡೀ ಪಾರ್ಕು ಓಡಾಡಿದವರಿಗಿಂತ ಜಾಸ್ತಿ ಸಿಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಜೌಗಿನ ಮೇಲೆ ಮರದ ಹಲಗೆಯ ದಾರಿಯೂ ಇದೆ, ಸುಮಾರು ಒಂದು ಕಿಲೋಮೀಟರ್, ಆರಾಮಾಗಿ ನಡೆಯಬಹುದು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಮಲೆನಾಡಿನ ಹಾಗೆ ಇಲ್ಲೂ ಉಣುಗಿನ ಕಾಟ, ಜೊತೆಗೆ ಮುಟ್ಟಿದರೆ ತುರಿಕೆ ಏಳುವ ಪಾಯ್ಸನ್ ಐವಿ ಗಿಡ. ತುದಿಯಲ್ಲಿ ನೀರಿಗಂತೂ ಕಾಲಿಡಲೇಬಾರದು, ಸೆಳೆತ ಜಾಸ್ತಿ.

ಮಧ್ಯಾಹ್ನ ಹತ್ತಿರದ ಹಿಲ್‌ಮನ್ ಮಾರ್ಷ್ ಅನ್ನುವ ಜೌಗಿಗೆ ಹೋಗಿ. ಅಲ್ಲಿ ನೀರಂಚಿನಲ್ಲಿ ಓಡಾಡುವ ಬ್ಲ್ಯಾಕ್-ಬೆಲ್ಲಿಡ್ ಪ್ಲೋವರ್ ಹಕ್ಕಿ ಸಿಕ್ಕರೆ ತಂದೆಯವರಿಗೆ ತೋರಿಸಿ, ಗುರುತು ಸಿಗುತ್ತದಾ ಕೇಳಿ. ನಮ್ಮ ಕರಾವಳಿಯಲ್ಲಿ ಚಳಿಗಾಲದಲ್ಲಿ ಬೂದು ಬಣ್ಣದಲ್ಲಿ ಓಡಾಡುವ ಗ್ರೇ ಪ್ಲೋವರ್ ಇದೇ ಜಾತಿ. ಇಲ್ಲಿ ಮೇ ತಿಂಗಳಲ್ಲಿ ಮುಖದಿಂದ ಹೊಟ್ಟೆಯವರೆಗೆ ಕಪ್ಪು, ಬೆನ್ನು ಬೆಳ್ಳಿ. ನಮಗೆ ಊರಲ್ಲಿ ಇದರ ಮದುವೆ ಉಡುಪು ನೋಡಲು ಸಿಗುವುದೇ ಅಪರೂಪ, ಅಲ್ವಾ?

ಮೇ 5ರಿಂದ 20ರೊಳಗೆ ಎರಡು ದಿನ ಖಾಲಿ ಇಟ್ಟುಕೊಳ್ಳಿ. ಅಮೆರಿಕದ ರಾಡಾರ್‌ನಿಂದ ಮಾಡುವ ಬರ್ಡ್‌ಕಾಸ್ಟ್ ನಕ್ಷೆಯಲ್ಲಿ ಸರೋವರದ ಆಚೆ ದಡದ ಒಹಾಯೋ ಮೇಲೆ ಹಕ್ಕಿಗಳ ಹರಿವು ಜೋರಾಗಿದ್ದು, ಪೀಲಿ ಕಡೆ ಬೆಳಗ್ಗೆ ಮಳೆ ಅಂತ ಇದ್ದರೆ ಹಿಂದಿನ ಸಂಜೆಯೇ ಹೊರಟು ಪಾರ್ಕಿನ ಪಕ್ಕದ ಊರು ಲೆಮಿಂಗ್ಟನ್‌ನಲ್ಲಿ ಉಳಿಯಿರಿ. ರೂಮಿಗೆ ಮಾತ್ರ ಮೊದಲೇ ವಿಚಾರಿಸಿ, ಆ ಹದಿನೈದು ದಿನ ಊರು ತುಂಬಿರುತ್ತದೆ.

ಅಷ್ಟು ದೂರ ಆಗಲ್ಲ ಅಂದರೆ ಟೊರಾಂಟೊದಲ್ಲೇ ಟಾಮಿ ಥಾಂಪ್ಸನ್ ಪಾರ್ಕ್ ಇದೆ. ಕೆಡವಿದ ಕಟ್ಟಡಗಳ ಇಟ್ಟಿಗೆ, ಕಾಂಕ್ರೀಟ್ ಸುರಿದು ಸರೋವರದಲ್ಲಿ ಮಾಡಿದ ನೆಲ, ಈಗ ಅದರ ಮೇಲೆ ಕಾಡು. ನೀರುಕಾಗೆಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ತಂದೆಯವರಿಗೆ ರಂಗನತಿಟ್ಟು ನೆನಪಾಗಬಹುದು. ಒಳಗೆ ಕಾರು ಬಿಡುವುದಿಲ್ಲ, ಬೆಳಗ್ಗೆ ಹೋಗಲು ಶನಿವಾರ, ಭಾನುವಾರ, ರಜೆ ದಿನ ಮಾತ್ರ.

ಎಲ್ಲಿಗೆ ಹೋದರೂ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಮೇ ತಿಂಗಳಲ್ಲೂ ಬೆಳಗ್ಗೆ ಸರೋವರದ ಗಾಳಿ ಕೊರೆಯುತ್ತದೆ. ಪೀಲಿಗೆ ಬರುವುದಾದರೆ ಹಿಂದಿನ ದಿನ ಇಲ್ಲೇ ಒಂದು ಸಾಲು ಬರೆಯಿರಿ, ಗಾಳಿ ಯಾವ ಕಡೆಯಿಂದ ಇದೆ ಅಂತ ನೋಡಿ ಹೇಳುತ್ತೇನೆ.