ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮುಗಿಸಿ ಅದೇ ದಿನ ಕಾರಿನಲ್ಲಿ ಮೈಸೂರಿಗೆ ಹಿಂತಿರುಗಬಹುದೇ?

ಬೇಡ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಮುರುಡೇಶ್ವರದಲ್ಲೇ ಉಳಿಯಿರಿ. ವಿಮಾನಯಾನಕ್ಕೆ ಹೇಳುವ ಈ ಅಂತರವನ್ನು ಸುಮಾರು 600 ಮೀಟರ್ ಎತ್ತರ ದಾಟುವ ರಸ್ತೆಗೂ ಪಾಲಿಸುವುದು ಕ್ಷೇಮ. ಮೈಸೂರು ಇರುವುದೇ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲೆ.

ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಆಗ ಉಸಿರಾಡುವ ಗಾಳಿಯಲ್ಲಿನ ನೈಟ್ರೋಜನ್ ರಕ್ತದಲ್ಲೂ ಮಾಂಸಖಂಡಗಳಲ್ಲೂ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೂ ಅದು ಶ್ವಾಸಕೋಶದ ಮೂಲಕ ಪೂರ್ತಿ ಹೊರಹೋಗಲು ಗಂಟೆಗಳೇ ಬೇಕು. ಅದಕ್ಕೆ ಮೊದಲೇ ಘಾಟಿ ಹತ್ತಿದರೆ ಹೊರಗಿನ ಒತ್ತಡ ಇಳಿದು, ಮುಚ್ಚಳ ತೆಗೆದ ಸೋಡಾದಂತೆ ಒಳಗೆ ಗುಳ್ಳೆಗಳು ಏಳಬಹುದು.

ಕೀಲುನೋವು, ಜೋಮು, ತಲೆಸುತ್ತು ಬಂದರೆ ಪ್ರಯಾಣದ ಆಯಾಸವೆಂದು ದಯವಿಟ್ಟು ಸುಮ್ಮನಾಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನೇ ಮೊದಲು ಹೇಳಿ, ಆಕ್ಸಿಜನ್ ಕೊಡಲು ಕೇಳಿ.