ಬ್ಯಾಟರಿ ಫುಲ್ ಇದೆ, ಗಾಡಿ ಮಾತ್ರ ಕದಲುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸ ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆಯೇ ಇವೆ. ಎಲ್ಲರಿಗೂ ಬ್ಯಾಟರಿ ಮೇಲೇ ಅನುಮಾನ. ಪಾಪ, ಬ್ಯಾಟರಿ ಏನೂ ಮಾಡಿರುವುದಿಲ್ಲ. ನಾನು ನೋಡಿದ ಮಟ್ಟಿಗೆ ಹೊಸ ಗಾಡಿಯಲ್ಲಿ ಆಟ ಆಡಿಸುವುದು ಒಂದು ಸ್ವಿಚ್ಚು, ಒಂದು ಕನೆಕ್ಟರ್ರು, ಇಲ್ಲಾ ಮನೆಯ ಪ್ಲಗ್ಗು. ಒಂದೊಂದಾಗಿ ನೋಡೋಣ.

ಪ್ರಶ್ನೆ: ಸರ್, ಗಾಡಿ ತಗೊಂಡು ಇಪ್ಪತ್ತು ದಿನ. ಡಿಸ್‌ಪ್ಲೇ ಬರುತ್ತದೆ, ಚಾರ್ಜ್ 92 ಅಂತ ತೋರಿಸುತ್ತದೆ, ಆದರೆ ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಗಾಡಿ ಹೋಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ, ಮತ್ತೆ ಸಿಗ್ನಲ್‌ನಲ್ಲಿ ಕೈಕೊಡುತ್ತದೆ. ಬ್ಯಾಟರಿ ಹೋಯ್ತಾ?
— ಓದುಗರು, ದಾವಣಗೆರೆ

ಬ್ಯಾಟರಿ ಹೋಗಿದ್ದರೆ ಅಷ್ಟು ನೆಮ್ಮದಿಯಾಗಿ 92 ತೋರಿಸುತ್ತಿರಲಿಲ್ಲ. ಮೊದಲು ಸೈಡ್ ಸ್ಟ್ಯಾಂಡ್ ನೋಡಿ. ಸ್ಟ್ಯಾಂಡ್ ಇಳಿದಿದ್ದರೆ ಮೋಟಾರಿಗೆ ಕರೆಂಟ್ ಹೋಗದ ಹಾಗೆ ಅಲ್ಲೊಂದು ಸೆನ್ಸರ್ ಇರುತ್ತದೆ. ಅದು ಕೆಸರು ಬೀಳುವ ಜಾಗದಲ್ಲೇ ಇರುತ್ತದೆ. ಒಂದು ಮಳೆಗಾಲದಲ್ಲಿ ನಾನೇ ಗಾಡಿಯನ್ನು ಸುಮಾರು ಒಂದು ಕಿಲೋಮೀಟರ್ ತಳ್ಳಿಕೊಂಡು ಹೋಗಿ, ಟೀ ಅಂಗಡಿ ಮುಂದೆ ಕೂತು ಸರ್ವಿಸ್‌ನವರಿಗೆ ಫೋನ್ ಮಾಡುತ್ತಿದ್ದೆ. ಅಂಗಡಿಯವರು ಲೋಟ ತೊಳೆದ ನೀರನ್ನೇ ಸ್ಟ್ಯಾಂಡ್ ಮೇಲೆ ಹುಯ್ದು, ಕಾಲಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಮಾಡಿದರು. ಗಾಡಿ ಹೊರಟಿತು. ಟೀ ದುಡ್ಡು ಮಾತ್ರ ತಗೊಂಡರು.

ಅದು ಸರಿ ಇದ್ದರೆ ಬ್ರೇಕ್ ನೋಡಿ. ಬ್ರೇಕ್ ಹಿಡಿದಾಗ ಮೋಟಾರ್ ಕಟ್ ಆಗುವುದು ಈ ಗಾಡಿಗಳ ಗುಣ. ಲಿವರ್ ಹತ್ತಿರ ಇರುವ ಪುಟ್ಟ ಸ್ವಿಚ್ ಸಿಕ್ಕಿಹಾಕಿಕೊಂಡರೆ ನೀವು ಬ್ರೇಕ್ ಹಿಡಿದೇ ಇದ್ದೀರಿ ಅಂತ ಗಾಡಿ ಅಂದುಕೊಳ್ಳುತ್ತದೆ. ಪತ್ತೆ ಮಾಡುವುದು ಸುಲಭ. ಎರಡೂ ಲಿವರ್ ಬಿಟ್ಟು ಹಿಂದೆ ಹೋಗಿ ನೋಡಿ, ಬ್ರೇಕ್ ಲೈಟ್ ಜೋರಾಗಿ ಉರಿಯುತ್ತಲೇ ಇದ್ದರೆ ಕಳ್ಳ ಸಿಕ್ಕಿದ. ಸಿಗ್ನಲ್‌ನಲ್ಲಿ ಕೈಕೊಡುತ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ಲಿ ಬ್ರೇಕ್ ಹಿಡಿದು ಬಿಟ್ಟಿರುತ್ತೀರಿ, ಹಾಗಾಗಿ ನನ್ನ ಅನುಮಾನವೂ ಇದರ ಮೇಲೇ.

ಡಿಸ್‌ಪ್ಲೇಯೇ ಬರದೆ ಗಾಡಿ ಪೂರ್ತಿ ಸತ್ತಂತಿದ್ದರೆ ಅದು ಬೇರೆ ಕಥೆ. ಕೆಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಮನೆಯಲ್ಲಿರುವಂಥದ್ದೇ ಎಂಸಿಬಿ ಸ್ವಿಚ್ ಇರುತ್ತದೆ, ಗುಂಡಿಗೆ ಬಿದ್ದಾಗ ಇಳಿದುಬಿಟ್ಟಿರುತ್ತದೆ. ಇನ್ನು ಕೆಲವಲ್ಲಿ ದೊಡ್ಡ ಬ್ಯಾಟರಿ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಬೇರೆ. ಡಿಸ್‌ಪ್ಲೇ, ಲಾಕ್, ಲೈಟ್ ಎಲ್ಲಾ ನಡೆಯುವುದು ಅದರಿಂದ. ಅದು ಇಳಿದುಹೋದರೆ ದೊಡ್ಡದು ಫುಲ್ ಇದ್ದರೂ ಗಾಡಿ ಏಳುವುದಿಲ್ಲ. ಕಾರಿನ ಬ್ಯಾಟರಿಯಿಂದ ವೈರ್ ಎಳೆದು ಎಬ್ಬಿಸಲು ಹೋಗಬೇಡಿ, ಸರ್ವಿಸ್‌ನವರನ್ನೇ ಕರೆಯಿರಿ.

ಪ್ರಶ್ನೆ: ಬುಕ್ ಮಾಡುವಾಗ 120 ಕಿಲೋಮೀಟರ್ ಅಂದರು. ನನಗೆ 84 ದಾಟಿಲ್ಲ. ಮೋಸ ಅಲ್ವಾ ಇದು?
— ಓದುಗರು, ಯಲಹಂಕ, ಬೆಂಗಳೂರು

ಮೋಸ ಅನ್ನುವುದಕ್ಕಿಂತ ಪರೀಕ್ಷೆ ಬೇರೆ, ರಸ್ತೆ ಬೇರೆ. ಆ 120 ಬಂದಿರುವುದು ಲ್ಯಾಬಿನಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ. ಇಂಡಿಯನ್ ಡ್ರೈವಿಂಗ್ ಸೈಕಲ್ ಅಂತ ಅದಕ್ಕೊಂದು ಲೆಕ್ಕ ಇದೆ. ಅದರಲ್ಲಿ ವೇಗ ಗಂಟೆಗೆ 42 ಕಿ.ಮೀ. ದಾಟುವುದಿಲ್ಲ. ಅಲ್ಲಿ ಹೆಬ್ಬಾಳದ ಫ್ಲೈಓವರ್ ಇಲ್ಲ, ಎದುರುಗಾಳಿ ಇಲ್ಲ, ಹಿಂದೆ ಕೂತ ಬಾವಮೈದನೂ ಇಲ್ಲ. 120 ಅಂದಿದ್ದು ರಸ್ತೆಯಲ್ಲಿ 85ರಿಂದ 95 ಬಂದರೆ ಗಾಡಿ ಸರಿಯಾಗಿಯೇ ಇದೆ ಅಂತ ನಾನು ತಿಳಿಯುತ್ತೇನೆ.

ಆದರೆ ಸುಮ್ನೆ ಮೀಟರ್ ನೋಡಿ ಕೊರಗಬೇಡಿ, ಅಳೆಯಿರಿ. ಫುಲ್ ಚಾರ್ಜ್ ಮಾಡಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ, 20 ಪರ್ಸೆಂಟಿಗೆ ಬರುವ ತನಕ ಎಂದಿನಂತೆ ಓಡಿಸಿ, ಎಷ್ಟು ಓಡಿತೋ ಅದನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿ. ಅದು ನಿಮ್ಮ ನಿಜವಾದ ರೇಂಜ್. 3 ಯೂನಿಟ್ ಬ್ಯಾಟರಿ ಅಂದರೆ 3000 ವ್ಯಾಟ್-ಅವರ್. ಕಿಲೋಮೀಟರಿಗೆ 30 ತಿಂದರೆ 100 ಕಿ.ಮೀ., ಸ್ಪೋರ್ಟ್ ಮೋಡ್‌ನಲ್ಲಿ 38 ತಿಂದರೆ 79ಕ್ಕೇ ಮುಗಿಯಿತು. 84ಕ್ಕಿಂತ ಕಡಿಮೆ ಬಂದರೆ ಮೊದಲು ಟೈರಿನ ಗಾಳಿ ನೋಡಿ. ಹೊಸ ಗಾಡಿ, ಶೋರೂಮ್‌ನವರು ಹಾಕಿರುತ್ತಾರೆ ಅಂತ ನಾವೆಲ್ಲ ನಂಬಿಬಿಡುತ್ತೇವೆ. ಎಷ್ಟು ಹಾಕಬೇಕು ಅಂತ ಗಾಡಿಯ ಮೇಲೇ ಸ್ಟಿಕ್ಕರ್ ಇರುತ್ತದೆ ಇಲ್ಲಾ ಪುಸ್ತಕದಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಎರಡು ಸುತ್ತು ಬರದೆ ಸರ್ರ್ ಅಂತ ಸದ್ದು ಮಾಡಿ ಉಜ್ಜಿಕೊಂಡು ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ಅದು ಶೋರೂಮಿನ ಕೆಲಸ.

ಪ್ರಶ್ನೆ: ನಮ್ಮದು ಹಳ್ಳಿ ಮನೆ. ಚಾರ್ಜರ್ ಹಾಕಿದರೆ ಕೆಂಪು ಲೈಟ್. ಅದೇ ಚಾರ್ಜರ್ ಅರಸೀಕೆರೆಯಲ್ಲಿ ಅಕ್ಕನ ಮನೆಯಲ್ಲಿ ಸರಿಯಾಗಿ ನಡೆಯುತ್ತದೆ. ಕರೆಂಟ್‌ನವರು ಪ್ಲಗ್ಗಿನೊಳಗೆ ಒಂದು ತುಂಡು ವೈರ್ ಹಾಕಿ ಸರಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಮಾಡಿಸಲಾ?
— ಓದುಗರು, ಅರಸೀಕೆರೆ ತಾಲ್ಲೂಕು

ಬೇಡ. ಖಂಡಿತ ಬೇಡ.

ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ, ಅಷ್ಟೇ. ಟಿವಿ, ಮಿಕ್ಸಿ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಈ ಚಾರ್ಜರ್ ಇಟ್ಟುಕೊಳ್ಳುತ್ತದೆ. ಆ ತುಂಡು ವೈರ್ ಅಂದರೆ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರನ್ನೇ ಅರ್ಥ್ ಪಿನ್ನಿಗೆ ಸೇರಿಸುವುದು. ಚಾರ್ಜರ್ ಮೋಸಹೋಗಿ ಹಸಿರು ಲೈಟ್ ಕೊಡುತ್ತದೆ. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದರೆ ಗಾಡಿಯ ಕಬ್ಬಿಣಕ್ಕೇ ಕರೆಂಟ್ ಬರಬಹುದು. ಬೆಳಿಗ್ಗೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪ್ಲಗ್ ತೆಗೆಯುವವರು ಯಾರು ಅಂತ ಒಮ್ಮೆ ಯೋಚಿಸಿ.

ಹಳೇ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಒಂದಿದೆ. ಆಗ ಅರ್ಥ್ ವೈರನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತುತ್ತಿದ್ದರು. ಆಮೇಲೆ ಪೈಪ್ ತೂತಾಯಿತು ಅಂತ ಪ್ಲಾಸ್ಟಿಕ್ ಪೈಪ್ ಹಾಕಿಸಿದರು. ವೈರ್ ಈಗಲೂ ಅಲ್ಲೇ ಇದೆ, ಅರ್ಥ್ ಇಲ್ಲ! ನಿಮ್ಮಲ್ಲೂ ಹಿತ್ತಲಿಗೆ ಹೋಗಿ ನೋಡಿ. ಹೊಸದಾಗಿ ಗುಂಡಿ ತೆಗೆಸಿ ಅರ್ಥ್ ಮಾಡಿಸಿ, ಬೇಸಿಗೆಯಲ್ಲಿ ಆಗಾಗ ಅದಕ್ಕೆ ಒಂದು ಕೊಡ ನೀರು ಹಾಕಿ, ಒಣಗಿದ ಮಣ್ಣು ಕೆಲಸ ಮಾಡುವುದಿಲ್ಲ. ಮುಗಿದ ಮೇಲೆ ಮೀಟರ್ ಹಿಡಿದು ತೋರಿಸಲು ಹೇಳಿ. ಫೇಸ್-ನ್ಯೂಟ್ರಲ್ ನಡುವೆ 230 ಇದ್ದರೆ ಫೇಸ್-ಅರ್ಥ್ ನಡುವೆಯೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಆ ಸಾಲಿಗೆ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ, ಅಂದರೆ ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚನ್ನೂ, ಹಾಕಿಸಿಬಿಡಿ.

ಇನ್ನೊಂದು ಮಾತು. ದಪ್ಪ ಪಿನ್ನಿನ ಚಾರ್ಜರನ್ನು ಕನ್ವರ್ಟರ್ ಪ್ಲಗ್ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಕಿಟಕಿಯಿಂದ ಹೊರಗೆ ತರುವವರು ಬಹಳ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ತೆಗೆದು ನೋಡಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಬಾಕ್ಸನ್ನು ಇವತ್ತೇ ಬಿಸಾಕಿ.

ಪ್ರಶ್ನೆ: ಗೃಹಜ್ಯೋತಿ ಇದೆ. ಸ್ಕೂಟರ್ ಚಾರ್ಜ್ ಮಾಡಿದರೆ ಫ್ರೀ ಹೋಗಿಬಿಡುತ್ತದಾ?
— ಓದುಗರು, ಮಂಡ್ಯ

200 ಯೂನಿಟ್ ದಾಟಿದರೆ ಮಾತ್ರ ಆ ತಿಂಗಳು ಪೂರ್ತಿ ಬಿಲ್ ಬರುತ್ತದೆ. ದಾಟದಿದ್ದರೆ ನಿಮ್ಮ ಪಾಲಿಗಿಂತ ಮೇಲೆ ಸುಟ್ಟದ್ದಕ್ಕಷ್ಟೇ ದುಡ್ಡು. ನಿಮ್ಮ ಪಾಲು ಅಂದರೆ 2022-23ರ ಸರಾಸರಿ, ಅದರ ಮೇಲೆ 10 ಪರ್ಸೆಂಟ್ (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್). ಸರಾಸರಿ 90 ಇದ್ದರೆ 99. ದಿನಕ್ಕೆ 30 ಕಿ.ಮೀ. ಓಡಿಸಿದರೆ ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ ತಿಂಗಳಿಗೆ 35 ಯೂನಿಟ್ ಆಸುಪಾಸು. ಯೂನಿಟ್ಟಿಗೆ 6 ರೂಪಾಯಿ ಅಂದುಕೊಂಡರೂ ಸುಮಾರು 200 ರೂಪಾಯಿ. ತಿಂಗಳ ಪೆಟ್ರೋಲಿಗೆ ಎಷ್ಟು ಕೊಡುತ್ತಿದ್ದಿರಿ ಅಂತ ನೆನಪಿಸಿಕೊಳ್ಳಿ.

ಪ್ರಶ್ನೆ: ಮಧ್ಯಾಹ್ನ ಮನೆಗೆ ಬಂದು ಚಾರ್ಜಿಗೆ ಹಾಕಿದರೆ ತಗೊಳ್ಳುವುದೇ ಇಲ್ಲ. ಸಂಜೆ ತಗೊಳ್ಳುತ್ತದೆ.
— ಓದುಗರು, ಕಲಬುರಗಿ

ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ನಾವೇ ಊಟ ತಗೊಳ್ಳುವುದಿಲ್ಲ, ಬ್ಯಾಟರಿ ಹೇಗೆ ತಗೊಂಡೀತು? ಸೆಲ್‌ಗಳು ಸುಮಾರು 45 ಡಿಗ್ರಿ ದಾಟಿದ್ದರೆ ಚಾರ್ಜ್ ಬೇಡ ಅಂತ ಬ್ಯಾಟರಿ ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ತಡೆದುಬಿಡುತ್ತದೆ. ನೆರಳಲ್ಲಿ ಒಂದು ತಾಸು ಬಿಟ್ಟು ಹಾಕಿ. ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು, ತಣ್ಣೀರು ಸುರಿಯುವುದು ಬೇಡ.

ಪ್ರಶ್ನೆ: ನಾನು, ನನ್ನ ಹೆಂಡತಿ ಹೆಬ್ರಿಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಬೇಕು. ಮೊದಲ ಸಲ ಹೋದಾಗ ಅರ್ಧ ಘಾಟಿಯಲ್ಲಿ ಗಾಡಿ ತಾನಾಗಿಯೇ ನಿಧಾನ ಆಯಿತು. ಹೆಂಡತಿ ಇನ್ನು ನಿಮ್ಮ ಗಾಡಿ ಹತ್ತಲ್ಲ ಅನ್ನುತ್ತಿದ್ದಾಳೆ.
— ಓದುಗರು, ಹೆಬ್ರಿ

ಮೊದಲು ಲೆಕ್ಕ ಮಾಡೋಣ. ಗಾಡಿ, ನೀವಿಬ್ಬರು, ಬ್ಯಾಗು ಸೇರಿ 250 ಕಿಲೋ ಅಂದುಕೊಳ್ಳಿ. ಅಷ್ಟು ಭಾರವನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಮೋಟಾರಿನಲ್ಲಿ ಪೋಲಾಗುವುದೂ ಸೇರಿ ಹೆಚ್ಚುಕಡಿಮೆ ಅರ್ಧ ಯೂನಿಟ್ಟಿಗೆ ಹತ್ತಿರ ಬರುತ್ತದೆ. ಅಂದರೆ ಬಯಲಲ್ಲಿ 12ರಿಂದ 15 ಕಿ.ಮೀ. ಓಡುವಷ್ಟು ಚಾರ್ಜ್ ಬರೀ ಏರಿಗೇ ಹೋಯಿತು. ಚಾರ್ಜ್ ಸಾಲದೆ ನಿಧಾನ ಆದದ್ದಲ್ಲ, ಬಿಸಿಗೆ ಆದದ್ದು. ಹದಿನಾಲ್ಕು ತಿರುವಿನ ಆ ಏರಿನಲ್ಲಿ ವೇಗ ಕಡಿಮೆ, ಎಳೆತ ಜಾಸ್ತಿ, ಗಾಳಿ ತಗುಲುವುದೂ ಕಡಿಮೆ. ಮೋಟಾರ್ ಸುಡದಿರಲಿ ಅಂತ ಕಂಟ್ರೋಲರ್ ತಾನೇ ಶಕ್ತಿ ಇಳಿಸುತ್ತದೆ. ಚಕ್ರದೊಳಗೇ ಮೋಟಾರ್ ಇರುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ.

ಏರು ಶುರುವಾಗುವ ಮುಂಚೆ ಸೋಮೇಶ್ವರದಲ್ಲಿ ಹತ್ತು ನಿಮಿಷ ನಿಲ್ಲಿಸಿ. ತಿರುವಿನಲ್ಲಿ ನಿಂತು ಮತ್ತೆ ಜೋರಾಗಿ ಎಳೆಯುವ ಬದಲು ಒಂದೇ ಹದದಲ್ಲಿ ಹತ್ತಿಸಿ. ಎಚ್ಚರಿಕೆ ಬಂದರೆ ಜಾಗ ನೋಡಿ ಪಕ್ಕಕ್ಕೆ ಹಾಕಿ. ಮೇಲೆ ಹೇಗೂ ಸೂರ್ಯಾಸ್ತ ನೋಡುವ ಜಾಗ ಇದೆ, ಗಾಡಿ ತಣಿಯುತ್ತದೆ, ಮನೆಯವರ ಸಿಟ್ಟೂ ತಣಿಯಬಹುದು.

ಇಳಿಯುವಾಗಿನ ವಿಷಯ ಇದಕ್ಕಿಂತ ಮುಖ್ಯ. ಆಕ್ಸಿಲರೇಟರ್ ಬಿಟ್ಟಾಗ ಗಾಡಿ ತಾನೇ ಹಿಡಿಯುತ್ತದಲ್ಲ, ರೀಜೆನ್, ಅದು ಬ್ಯಾಟರಿ ಫುಲ್ ಇದ್ದಾಗ ಕೆಲಸ ಮಾಡುವುದಿಲ್ಲ ಇಲ್ಲಾ ತೀರಾ ಕಡಿಮೆ ಮಾಡುತ್ತದೆ, ಯಾಕೆಂದರೆ ಬಂದ ಕರೆಂಟನ್ನು ತುಂಬಲು ಜಾಗ ಇರುವುದಿಲ್ಲ. ಆಗುಂಬೆಯಲ್ಲಿ ನೆಂಟರ ಮನೆಯಲ್ಲಿ 100 ತುಂಬಿಸಿ ಇಳಿಜಾರಿಗೆ ಬಿಟ್ಟರೆ ಎಲ್ಲಾ ಭಾರ ಬ್ರೇಕಿನ ಮೇಲೇ. 85ಕ್ಕೇ ಪ್ಲಗ್ ತೆಗೆಯಿರಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಐದು ತಿಂಗಳು ಅಮೆರಿಕಕ್ಕೆ ಹೋಗುತ್ತಿದ್ದೇವೆ. ಗಾಡಿ ಚಾರ್ಜಿಗೆ ಹಾಕಿಯೇ ಹೋಗಲಾ?
— ಓದುಗರು, ಮೈಸೂರು

ಹಾಕಿ ಹೋಗಬೇಡಿ, ಖಾಲಿ ಮಾಡಿಯೂ ಬಿಡಬೇಡಿ. 50-60ರಲ್ಲಿ ನಿಲ್ಲಿಸಿ, ಎಂಸಿಬಿ ಇದ್ದರೆ ಆರಿಸಿ, ಡಬಲ್ ಸ್ಟ್ಯಾಂಡ್ ಹಾಕಿ. ಆಫ್ ಮಾಡಿದರೂ ಗಾಡಿಯೊಳಗಿನ ಸಿಮ್ಮು, ಜಿಪಿಎಸ್ಸು ಚೂರು ಚೂರು ಕುಡಿಯುತ್ತಲೇ ಇರುತ್ತವೆ. ತೀರಾ ಇಳಿದರೆ ಬಿಎಂಎಸ್ ಲಾಕ್ ಆಗಿ ಚಾರ್ಜರನ್ನೂ ಒಪ್ಪುವುದಿಲ್ಲ. ಪಕ್ಕದ ಮನೆಯವರಿಗೆ ಕೀ ಕೊಟ್ಟು ತಿಂಗಳಿಗೊಮ್ಮೆ ನೋಡಲು ಹೇಳಿ. ಬಾಣಂತಿಗೆ ಶುಭವಾಗಲಿ.

ಪ್ರಶ್ನೆ: ಪಿಯುಸಿ ಓದುವ ಮಗನಿಗೆ ಲೈಸೆನ್ಸ್ ಬೇಡದ 25 ಸ್ಪೀಡಿನ ಗಾಡಿ ಕೊಡಿಸಿದ್ದೇನೆ. ಅಂಗಡಿಯವರು ಸ್ಪೀಡ್ ಲಾಕ್ ತೆಗೆದರೆ 45 ಹೋಗುತ್ತದೆ ಅನ್ನುತ್ತಾರೆ.
— ಓದುಗರು, ಗದಗ

ಮೋಟಾರ್ 250 ವ್ಯಾಟಿಗಿಂತ ಕಡಿಮೆ, ವೇಗ 25ರ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು ಅನ್ನುವ ಲೆಕ್ಕದ ಮೇಲೇ ಅದಕ್ಕೆ ಲೈಸೆನ್ಸ್, ನೋಂದಣಿ ಬೇಡ ಅಂದಿರುವುದು. ಲಾಕ್ ತೆಗೆದ ಕ್ಷಣ ಅದು ನಂಬರ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಹದಿನೆಂಟು ತುಂಬದ ಹುಡುಗ ಏನಾದರೂ ಮಾಡಿಕೊಂಡರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಂಗಡಿಯವರು ಆಗ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಒಂದೇ ತೊಂದರೆಗೆ ನಾಲ್ಕು ಸಲ ಸರ್ವಿಸ್‌ಗೆ ಬಿಟ್ಟಿದ್ದೇನೆ. ಪ್ರತಿ ಸಲ ‘ಅಪ್‌ಡೇಟ್ ಮಾಡಿದ್ದೇವೆ’ ಅಂತ ಕಳಿಸುತ್ತಾರೆ.
— ಓದುಗರು, ಹುಬ್ಬಳ್ಳಿ

ಬಾಯಿಮಾತಲ್ಲಿ ಹೇಳುವುದನ್ನು ನಿಲ್ಲಿಸಿ. ಪ್ರತಿ ಸಲ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮ ಮಾತಲ್ಲೇ ಬರೆಸಿ, ಪ್ರತಿ ತಗೊಳ್ಳಿ. ತೊಂದರೆ ಆದಾಗ ಮೀಟರ್ ಕಾಣುವ ಹಾಗೆ ವಿಡಿಯೋ ಮಾಡಿಟ್ಟುಕೊಳ್ಳಿ. ಆಮೇಲೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಯಾವ ಊರಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆ ನಾಲ್ಕು ಜಾಬ್ ಕಾರ್ಡ್ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಗಾಡಿಯಲ್ಲಿ ತೊಂದರೆ ಇಲ್ಲ ಸರ್. ಸದ್ದೇ ಇಲ್ಲದ ಕಾರಣ ರಸ್ತೆಯಲ್ಲಿ ಮಲಗಿದ ದನ ಏಳುವುದಿಲ್ಲ.
— ಓದುಗರು, ಶಿರಸಿ

ನನಗೂ ಅದೇ ಪಾಡು. ಹಾರ್ನ್ ಹೊಡೆದರೆ ಒಂದು ಕಿವಿ ಮಾತ್ರ ಅಲ್ಲಾಡಿಸುತ್ತವೆ. ಇಳಿದು ಹೋಗಿ ಎಬ್ಬಿಸಿ. ಆದರೆ ಇಳಿಯುವ ಮುಂಚೆ ಗಾಡಿ ಆಫ್ ಮಾಡಿ. ಆನ್ ಇದೆ ಅಂತ ದನಕ್ಕಷ್ಟೇ ಅಲ್ಲ, ಮುಂದೆ ನಿಂತ ನಿಮ್ಮ ಮಗುವಿಗೂ ಗೊತ್ತಾಗುವುದಿಲ್ಲ, ಅದರ ಕೈ ಮೊದಲು ಹೋಗುವುದೇ ಆಕ್ಸಿಲರೇಟರ್ ಮೇಲೆ.