ಅತ್ತಿಗೆ ಒಪ್ಪಿದ್ದಾರಂತೆ

ಬಾಡಿಗೆ ತಾಯ್ತನದ ವಿಚಾರಕ್ಕೆ ನನ್ನ ಹತ್ತಿರ ಬರುವ ಮನೆಯವರು ಮೊದಲು ಹೇಳುವುದು ಇದನ್ನೇ. ಅತ್ತಿಗೆ ಒಪ್ಪಿದ್ದಾರಂತೆ, ತಂಗಿ ಒಪ್ಪಿದ್ದಾಳಂತೆ. ಆ ‘ಅಂತೆ’ ಕೇಳಿದಾಗಲೆಲ್ಲ ನನಗೆ ಗೀತಾ ನೆನಪಾಗುತ್ತಾರೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಗೀತಾಗೆ 31 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮೂರನೇ ಕ್ಲಾಸಿನ ಮಗಳಿದ್ದಾಳೆ. ಅವರ ನಾದಿನಿಗೆ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು. ಮಗುವೂ ಉಳಿಯಲಿಲ್ಲ. ಅಂಡಾಶಯಕ್ಕೆ ಏನೂ ಆಗಿರಲಿಲ್ಲ. ಹಾಗಾಗಿ ಆ ದಂಪತಿಯದ್ದೇ ಭ್ರೂಣವನ್ನು ಇನ್ನೊಬ್ಬರ ಗರ್ಭಕೋಶದಲ್ಲಿ ಬೆಳೆಸಬಹುದು ಅಂತ ಡಾಕ್ಟರು ಹೇಳಿದ್ದರು. ಆ ಇನ್ನೊಬ್ಬರು ಗೀತಾನೇ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು.

ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. 2021ರ ಕಾಯ್ದೆಯ ಪ್ರಕಾರ ಮಗು ಹೊತ್ತುಕೊಡುವವರಿಗೆ ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35ರ ಒಳಗಿರಬೇಕು. ಜೀವನದಲ್ಲಿ ಒಂದೇ ಸಲ ಹೀಗೆ ತಾಯಿಯಾಗಬಹುದು. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ ಇಂಥವನ್ನು ಬಿಟ್ಟರೆ ದುಡ್ಡು ತಗೊಳ್ಳುವ ಹಾಗಿಲ್ಲ. ದೇಹ, ಮನಸ್ಸು ಎರಡೂ ಇದಕ್ಕೆ ತಯಾರಿದೆ ಅಂತ ಸರ್ಟಿಫಿಕೇಟ್ ಬೇಕು. ಅದಕ್ಕೇ ಅವರು ಬಂದದ್ದು.

ಗಂಡ, ಅತ್ತೆ ಇಬ್ಬರೂ ಜೊತೆಗೆ ಒಳಗೆ ಬಂದರು. “ಅವಳು ಮಾತು ಕಮ್ಮಿ ಮೇಡಂ, ನಾವೇ ಹೇಳ್ತೀವಿ” ಅಂದರು ಅತ್ತೆ. ಅವರಿಬ್ಬರನ್ನೂ ಹೊರಗೆ ಕೂರಲು ಹೇಳಿದೆ. ಇದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

“ನಿಮ್ಮನ್ನ ಮೊದಲು ಕೇಳಿದ್ದು ಯಾರು?” ಅಂದೆ.

ಗೀತಾ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಫೈಲಿನ ಬಟನ್ ತೆಗೆದರು, ಹಾಕಿದರು, ಮತ್ತೆ ತೆಗೆದರು. “ಯಾರೂ ಕೇಳಿಲ್ಲ ಮೇಡಂ. ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ರು. ನಮ್ಮತ್ತೆ, ‘ಇನ್ನೇನು ಯೋಚನೆ, ನಮ್ ಗೀತಾ ಇಲ್ವಾ’ ಅಂದ್ರು. ನಾನು ಸಾರು ಬಡಿಸ್ತಾ ಇದ್ದೆ. ಆಮೇಲೆ ಎಲ್ಲರೂ ನಾನು ಒಪ್ಪಿದೆ ಅಂತಾನೇ ಹೇಳ್ತಿದಾರೆ.”

“ನೀವೇನು ಅಂದ್ರಿ?”

“ನೋಡೋಣ ಅಂದೆ.”

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ‘ನೋಡೋಣ’ ಅಂದರೆ ಏನು ಅಂತ ಈ ಕುರ್ಚಿಯಲ್ಲಿ ಕೂತು ಕಲಿತಿದ್ದೇನೆ. ಬೇಡ ಅನ್ನಲು ಧೈರ್ಯ ಬಾರದೆ ಇದ್ದಾಗ ಬರುವ ಮಾತು ಅದು. ಹಾಗಾಗಿ ಗೀತಾಗೆ ಹೇಳಿದೆ, “ಈಗ ನಾನೇ ನಿಮ್ಮ ನಾದಿನಿ ಅಂದ್ಕೊಳ್ಳಿ. ಸುಮ್ನೆ ಒಂದು ಸಲ ‘ಇಲ್ಲ, ನನ್ನ ಕೈಲಾಗಲ್ಲ’ ಅನ್ನಿ. ಆಮೇಲೆ ಬೇಕಾದ್ರೆ ಒಪ್ಪಿಕೊಳ್ಳಿ.”

ಮೊದಲ ಸಲ “ನೋಡೋಣ ಕಣೇ” ಅಂದರು. ಎರಡನೇ ಸಲ “ನಿಮ್ಮಣ್ಣ ಏನಂತಾರೋ” ಅಂದರು. ಮೂರನೇ ಸಲ ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಕಣ್ಣಲ್ಲಿ ನೀರು ಬಂತು. “ಆಗಲ್ಲ ಮೇಡಂ. ನಾಲ್ಕು ಲಕ್ಷ ಇದೆ.”

ಗಂಡನ ಅಂಗಡಿಗೆ ನಾದಿನಿಯ ಗಂಡ ಕೊಟ್ಟ ಸಾಲ ಅದು. ಅದರ ಬದಲಿಗೆ ಇದು ಅಂತ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾನು ಸರ್ಟಿಫಿಕೇಟ್ ಕೊಡಲಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಅಂದೆ. ಅಷ್ಟರಲ್ಲಿ ಸಾಲವನ್ನು ಯಾವ ತಿಂಗಳು ಎಷ್ಟು ತೀರಿಸುತ್ತೀರಿ ಅಂತ ಬೇರೆಯಾಗಿ ಬರೆದುಕೊಳ್ಳಿ, ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ ಅಂತ ಗಂಡನಿಗೇ ಹೇಳಿದೆ. ಗೀತಾಗೆ ಮೊದಲ ಬಸುರಿನಲ್ಲಿ ಬಿಪಿ ಜಾಸ್ತಿಯಾಗಿ ಸಿಸೇರಿಯನ್ ಆಗಿತ್ತು. ಆ ಹಳೆಯ ಫೈಲ್ ಹಿಡಿದುಕೊಂಡು ಬೇರೆ ಡಾಕ್ಟರ ಹತ್ತಿರ ತೋರಿಸಿ, ನಾದಿನಿಗೆ ಚಿಕಿತ್ಸೆ ಕೊಡುವವರ ಹತ್ತಿರ ಬೇಡ ಅಂದೆ. ಮಗಳಿಗೆ ಏನು ಹೇಳುತ್ತೀರಿ ಅಂತಲೂ ಕೇಳಿದೆ. ಮಗು ಯಾರ ಮಡಿಲಿಗೆ ಹೋದರೂ ಹೆತ್ತವಳ ಎದೆಯಲ್ಲಿ ಹಾಲು ಬರುತ್ತದೆ. ಆ ದಿನಗಳಲ್ಲಿ ನಿಮ್ಮ ಪಕ್ಕ ಯಾರಿರುತ್ತಾರೆ? ಆ ಮಗು ಹಬ್ಬಹಬ್ಬಕ್ಕೂ ಮನೆಗೆ ಬಂದು ನಿಮ್ಮನ್ನು ‘ಅತ್ತೆ’ ಅನ್ನುತ್ತದೆ. ಆಗ?

ನಾದಿನಿಯ ಗಂಡ ಫೋನ್ ಮಾಡಿ, ಒಂದು ಸಂಸಾರದ ಆಸೆಗೆ ಕಲ್ಲು ಹಾಕಿದಿರಿ ಅಂದರು. ಆ ಮಾತು ಚುಚ್ಚಿತು. ಮಗುವನ್ನೂ ಗರ್ಭಕೋಶವನ್ನೂ ಒಂದೇ ದಿನ ಕಳೆದುಕೊಂಡ ಹೆಣ್ಣಿನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೂ ನಾನು ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ. ಭ್ರೂಣ ಹಾಕುವ ಮುಂಚೆ ಯಾವಾಗ ಬೇಕಾದರೂ ಬೇಡ ಅನ್ನುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಸಾರು ಬಡಿಸುವಾಗ ಬಾರದ ಮಾತು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಬರುತ್ತದಾ? ಸ್ವಂತದವರಾದರೆ ಮೋಸ ಇರಲ್ಲ ಅಂತ ಎಲ್ಲರೂ ನಂಬುತ್ತಾರೆ. 2019ರ ಮಸೂದೆಯಲ್ಲೂ ಹತ್ತಿರದ ಸಂಬಂಧಿಯೇ ಆಗಬೇಕು ಅಂತಿತ್ತು. ಆಮೇಲೆ ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ಬಿಟ್ಟು, ಮನಸ್ಸಿದ್ದು ಮುಂದೆ ಬರುವ ಯಾವ ಮಹಿಳೆಯಾದರೂ ಆಗಬಹುದು ಅಂತ ಶಿಫಾರಸು ಮಾಡಿತು. ಒಳ್ಳೆಯದೇ ಆಯಿತು. ಹೊರಗಿನವರಿಗೆ ಬೇಡ ಅಂದು ಬಾಗಿಲು ಹಾಕಿಕೊಳ್ಳಬಹುದು. ಮನೆಯವರಿಗೆ ಬೇಡ ಅಂದರೆ ನಾಳೆ ಅದೇ ಅಡುಗೆಮನೆಯಲ್ಲಿ ನಿಲ್ಲಬೇಕು.

ಒಂದು ತಿಂಗಳಾದ ಮೇಲೆ ನಾದಿನಿ ಒಬ್ಬರೇ ಬಂದರು. “ಅತ್ತಿಗೆ ತಾವಾಗೇ ಮುಂದೆ ಬಂದ್ರು ಅಂತ ಅಣ್ಣ ಹೇಳಿದ್ದ ಮೇಡಂ. ನಾನು ದಿನಾ ಅವರ ಹೆಸರಲ್ಲಿ ದೀಪ ಹಚ್ತಿದ್ದೆ” ಅಂದು ತುಂಬಾ ಹೊತ್ತು ಅತ್ತರು. ಆಮೇಲೆ ಒಂದು ಸಂಜೆ ಇಬ್ಬರನ್ನೂ ಕೂರಿಸಿದೆ. ಹಿರಿಯರು ಯಾರೂ ಇರಲಿಲ್ಲ. ಮೊದಲು ಮಾತಾಡಿದ್ದು ನಾದಿನಿ. “ಅತ್ತಿಗೆ, ನಾನು ನಿಮ್ಮನ್ನ ಕೇಳೇ ಇಲ್ಲ. ಈಗ ಕೇಳ್ತಿದೀನಿ. ಬೇಡ ಅಂದ್ರೂ ನೀವು ನನ್ನ ಅತ್ತಿಗೆನೇ.”

ಗೀತಾ ಅವತ್ತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನೋಡೋಣ ಅಂತಲೂ ಅನ್ನಲಿಲ್ಲ. “ನನಗೆ ಟೈಮ್ ಬೇಕು” ಅಂದರು.

ಕಳೆದ ವಾರ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಮಗಳ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಎರಡೂ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಬರೆದಿದ್ದರು. ಮೊದಲನೆಯದು ಇದು: ‘ಮೂರು ಸಲ ಮಾತ್ರ ಪ್ರಯತ್ನ ಮಾಡಬಹುದಂತೆ, ಮೂರು ಸಲವೂ ನಿಲ್ಲದಿದ್ದರೆ ಮನೆಯಲ್ಲಿ ಯಾರ ತಪ್ಪು ಅಂತಾರೆ?’ ಅವತ್ತಿಗೆ ನಾಲ್ಕನೇ ಪ್ರಶ್ನೆಯವರೆಗೆ ಬಂದೆವು. ಉಳಿದದ್ದಕ್ಕೆ ಬರುವ ಗುರುವಾರ ಬರುತ್ತೇನೆ ಅಂದಿದ್ದಾರೆ.